ಸೋಲು ಖಚಿತವಾದರೂ ಯುದ್ಧಕ್ಕೆ ಸಿದ್ಧ

ಹ್ಯಾನಿಬಲ್ ಎಂದೊಡನೆ ಆನೆಗಳೊಂದಿಗೆ ಆಲ್ಪ್ಸ್ ಪರ್ವತ ದಾಟಿದ ಸೇನಾನಿ ನೆನಪಾಗುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವನು ಹೊರಟದ್ದು ಎಲ್ಲಿಂದ? ಸ್ಪೇನಿನ ಆಗ್ನೇಯ ಕರಾವಳಿಯ ಕಾರ್ತಹೇನಾ ಎಂಬ ಬಂದರಿನಿಂದ. ಪ್ರತಿ ಸೆಪ್ಟೆಂಬರಿನ ಉತ್ತರಾರ್ಧದಲ್ಲಿ ಸುಮಾರು ಹತ್ತು ದಿನ ಆ ಊರು ಎರಡು ಸಾವಿರದ ಇನ್ನೂರು ವರ್ಷ ಹಿಂದಕ್ಕೆ ಸರಿಯುತ್ತದೆ.

ಕ್ರಿ.ಪೂ. 227ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ತೇಜಿನವರು ಇಲ್ಲಿ ನಗರ ಕಟ್ಟಿದರು. ಸುರಕ್ಷಿತ ಬಂದರು, ಹತ್ತಿರದಲ್ಲೇ ಬೆಳ್ಳಿಯ ಗಣಿಗಳು, ಇನ್ನೇನು ಬೇಕು? ಅವರಿಟ್ಟ ಹೆಸರು ಕಾರ್ತ್ ಹದಶ್ತ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಸೂರು! ಅವರ ಮೂಲ ನಗರದ ಹೆಸರಿನ ಅರ್ಥವೂ ಅದೇ. ಮುಂದೆ ರೋಮನ್ನರು ಇದನ್ನು 'ಹೊಸ ಕಾರ್ತೇಜ್' ಎಂದು ಕರೆದಾಗ ಅದು 'ಹೊಸ ಹೊಸೂರು' ಆಯಿತು.

ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಇಲ್ಲಿಂದ ದಂಡೆತ್ತಿ ಹೊರಟ. ಅವನಿನ್ನೂ ಇಟಲಿಯಲ್ಲಿರುವಾಗಲೇ, ಕ್ರಿ.ಪೂ. 209ರಲ್ಲಿ, ಸಿಪಿಯೊ ಎಂಬ ತರುಣ ರೋಮನ್ ಸೇನಾಪತಿ ಈ ಊರಿಗೆ ಮುತ್ತಿಗೆ ಹಾಕಿದ. ಊರಿನ ಉತ್ತರಕ್ಕಿದ್ದ ಹಿನ್ನೀರು ಸಂಜೆಯ ಹೊತ್ತಿಗೆ ಇಳಿಯುತ್ತದೆಂದು ಬೆಸ್ತರಿಂದ ತಿಳಿದುಕೊಂಡ. ಸೈನಿಕರಿಗೆ ಮಾತ್ರ, ಸಮುದ್ರದೇವ ಕನಸಿನಲ್ಲಿ ಬಂದು ಅಭಯ ಕೊಟ್ಟಿದ್ದಾನೆ ಎಂದ. ಒಂದು ದಂಡು ಬಾಗಿಲ ಕಡೆ ಕಾದಾಡುತ್ತಿರಲು 500 ಮಂದಿ ಏಣಿ ಹೊತ್ತು ನೀರಿಗಿಳಿದರು. ಕಾವಲಿಲ್ಲದ ಗೋಡೆ ಹತ್ತಿದರು. ಊರು ಬಿತ್ತು.

ಇದನ್ನು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್, ಸಿಪಿಯೊ ಮನೆತನದ ಆಪ್ತ. ಕಾರ್ತೇಜಿನವರು ತಮ್ಮ ಬಗ್ಗೆ ಬರೆದುಕೊಂಡ ಇತಿಹಾಸವೊಂದೂ ಉಳಿದಿಲ್ಲ. ಪಠ್ಯಪುಸ್ತಕದಲ್ಲಿ ನಾವು ಓದುವ ಹ್ಯಾನಿಬಲ್ ಶತ್ರುಗಳ ಕಡೆಯವರು ಕಂಡ ಹ್ಯಾನಿಬಲ್ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಾರ್ತಹೇನಾದ ಹಬ್ಬ ನನಗೆ ಮೆಚ್ಚಿಗೆಯಾಗುವುದು ಇಲ್ಲಿಯೇ. ಅದರ ಹೆಸರೇ 'ಕಾರ್ತೇಜಿನವರು ಮತ್ತು ರೋಮನ್ನರು'. ಸೋತವರ ಹೆಸರು ಮೊದಲು.

ಪುರಾತನ ಯುದ್ಧದ ಹಬ್ಬವಾದರೂ ಇದು ಶುರುವಾದದ್ದು 1990ರಲ್ಲಿ. ಆಗ ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಸುತ್ತಲಿನ ಗಣಿಗಳು ಮುಚ್ಚುತ್ತಿದ್ದವು, ಕಾರ್ಖಾನೆಗಳು ಬಿಕ್ಕಟ್ಟಿನಲ್ಲಿದ್ದವು. 1992ರ ಫೆಬ್ರುವರಿಯಲ್ಲಿ ಕಾರ್ಮಿಕರ ಪ್ರತಿಭಟನೆಯ ವೇಳೆ ಪ್ರಾದೇಶಿಕ ಶಾಸನಸಭೆಯ ಕಟ್ಟಡಕ್ಕೇ ಬೆಂಕಿ ಬಿತ್ತು. ಅಂಥ ದಿನಗಳಲ್ಲಿ ಜನ ಖಡ್ಗ, ಗುರಾಣಿ ಮಾಡಿಕೊಂಡು ಬೀದಿಗಿಳಿದರು. ಅದೇ ಹಬ್ಬಕ್ಕೆ 2017ರಲ್ಲಿ ಅಂತರರಾಷ್ಟ್ರೀಯ ಪ್ರವಾಸಿ ಮಹತ್ವದ ಮಾನ್ಯತೆ ದೊರೆಯಿತು.

ಊರಿನವರು ಎರಡು ಪಾಳೆಯವಾಗುತ್ತಾರೆ. ಕಾರ್ತೇಜಿನ ಪಡೆಗಳು, ರೋಮನ್ ಲೀಜನ್‌ಗಳು. ಹ್ಯಾನಿಬಲನಿಗೂ ಸ್ಥಳೀಯ ರಾಜಕುಮಾರಿ ಹಿಮಿಲ್ಸೆಗೂ ಮದುವೆ ನಡೆಯುತ್ತದೆ. ರೋಮಿನ ಸೆನೆಟ್ ಯುದ್ಧ ಸಾರುತ್ತದೆ. ಬಂದರಿನಲ್ಲಿ ಪಡೆಗಳು ದಡಕ್ಕಿಳಿಯುತ್ತವೆ. ತಂದೆತಾಯಿಯರ ಜೊತೆ ಪುಟ್ಟ ಶಿರಸ್ತ್ರಾಣ ತೊಟ್ಟ ಮಕ್ಕಳೂ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಾರೆ.

ಹಬ್ಬಕ್ಕೆ ಹೋದವರು ರೋಮನ್ ರಂಗಮಂದಿರವನ್ನು ತಪ್ಪಿಸಿಕೊಳ್ಳಬಾರದು. ಹಳೆಯ ಮನೆಗಳಡಿಯಲ್ಲಿ ಹೂತುಹೋಗಿದ್ದ ಇದು ಬೆಳಕಿಗೆ ಬಂದದ್ದು 1988ರಲ್ಲಿ. ಸುಮಾರು 6,000 ಜನ ಕೂರಬಹುದಾಗಿದ್ದ ಕಟ್ಟಡ! ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊ ವಿನ್ಯಾಸದ ವಸ್ತುಸಂಗ್ರಹಾಲಯ 2008ರಲ್ಲಿ ತೆರೆಯಿತು. ಕಾರ್ತೇಜಿನವರ ಕೋಟೆಗೋಡೆಯ ತುಣುಕೂ ಊರಲ್ಲಿದೆ. ಸಿಪಿಯೊನ ಪಡೆ ದಾಟಿದ ಹಿನ್ನೀರು ಮಾತ್ರ ಈಗಿಲ್ಲ. ಅದು ಬತ್ತಿ, ಮೇಲೆ ಊರು ಬೆಳೆದಿದೆ.

ಹಬ್ಬದ ಕೊನೆಯ ಭಾಗದಲ್ಲಿ ಊರಿಗಾಗಿ ಯುದ್ಧ. ಪ್ರತಿವರ್ಷವೂ ರೋಮನ್ನರದೇ ಗೆಲುವು. ಗೊತ್ತಿದ್ದೂ ಕಾರ್ತೇಜಿನ ಪಡೆಗಳಿಗೆ ಜನ ಸೇರುತ್ತಾರೆ, ವರ್ಷವಿಡೀ ಸಿದ್ಧತೆ ನಡೆಸುತ್ತಾರೆ. ಯುದ್ಧ ಮುಗಿದ ಮೇಲೆ 'ಸತ್ತವರು' ಮೈ ಕೊಡವಿಕೊಂಡು ಏಳುತ್ತಾರೆ. ಗೆದ್ದವರು, ಸೋತವರು ಎಲ್ಲರೂ ಡೇರೆಗಳ ಬೀಡಿಗೆ ಊಟಕ್ಕೆ ಹೊರಡುತ್ತಾರೆ.