ಸತ್ತ ದಿನವೇ ಹಬ್ಬ

ಜನವರಿ ಕೊನೆ ಬಂತೆಂದರೆ ಕಾರ್ಕಳದ ಅತ್ತೂರು ಜಾತ್ರೆಯ ವರದಿ ನಮಗೆ ಕಡ್ಡಾಯ. ಸಂತ ಲಾರೆನ್ಸರ ಬಸಿಲಿಕಾದ ವಾರ್ಷಿಕ ಹಬ್ಬ ಅದು. ಮೊಂಬತ್ತಿ ಹಚ್ಚಲು ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ನಾವು ಕಳಿಸುವುದು ಮಾತ್ರ ಅದೇ ‘ಸಡಗರ ಸಂಭ್ರಮ’, ಒಂದು ಫೋಟೊ, ಗಣ್ಯರ ಹೆಸರು. ಈ ಲಾರೆನ್ಸ್ ಯಾರು ಎಂಬ ಒಂದು ಸಾಲು ಸೇರಿಸಿದರೆ ಡೆಸ್ಕಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಆತ ರೋಮಿನ ಚರ್ಚಿನಲ್ಲಿ ಡೀಕನ್. ಅಂದರೆ ಚರ್ಚಿನ ಹಣ, ಬಡವರ ಊಟದ ಲೆಕ್ಕ ನೋಡಿಕೊಳ್ಳುವವನು. ಕ್ರಿ.ಶ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಆಜ್ಞೆಯಂತೆ ಆಗಸ್ಟ್ 6ಕ್ಕೆ ಪೋಪ್ ಎರಡನೇ ಸಿಕ್ಸ್‌ಟಸ್‌ರನ್ನು ಕೊಂದರು, ನಾಲ್ಕು ದಿನ ಬಿಟ್ಟು ಲಾರೆನ್ಸನನ್ನು. ಖಜಾನೆ ಒಪ್ಪಿಸು ಎಂದಾಗ ಆತ ಊರಿನ ಬಡವರನ್ನೆಲ್ಲ ಕರೆತಂದು ಇವರೇ ಖಜಾನೆ ಎಂದನಂತೆ. ಕಬ್ಬಿಣದ ಜಾಲರಿಯ ಮೇಲೆ ಸುಟ್ಟರು ಎನ್ನುತ್ತದೆ ಪರಂಪರೆ. ಕತ್ತಿಯಿಂದಲೇ ಕೊಂದಿರಬೇಕು ಎನ್ನುವ ಇತಿಹಾಸಕಾರರೂ ಇದ್ದಾರೆ.

ನಮಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಒಂದು ಹಳೆಯ ಪಟ್ಟಿ. 354ರ ರೋಮನ್ ಪಂಚಾಂಗದೊಳಗೆ ಹುತಾತ್ಮರ ಯಾದಿ ಇದೆ. ಅದರಲ್ಲಿ ಪವಾಡವಿಲ್ಲ, ವಿಶೇಷಣವಿಲ್ಲ. ತಾರೀಖು, ಹೆಸರು, ಹೂತ ಜಾಗ, ಅಷ್ಟೇ. ಲಾರೆನ್ಸ್, ಆಗಸ್ಟ್ 10, ತಿಬುರ್ತಿನಾ ರಸ್ತೆ. ನಮ್ಮ ಕ್ರೈಂ ಬ್ರೀಫ್ ಇದ್ದ ಹಾಗೇ ಇದೆ! ವ್ಯತ್ಯಾಸ ಇಷ್ಟೇ: ಆ ಬ್ರೀಫನ್ನು ಪ್ರತಿ ವರ್ಷ ಅದೇ ದಿನ ಮತ್ತೆ ಓದಿದರು. ಸತ್ತ ದಿನವನ್ನೇ ಸ್ವರ್ಗದಲ್ಲಿ ಹುಟ್ಟಿದ ದಿನ ಎಂದರು. ಇವತ್ತಿಗೂ ಹುತಾತ್ಮರ ದಿನ ಪಾದ್ರಿಗಳು ಕೆಂಪು ಉಡುಪು ತೊಟ್ಟು ಬಲಿಪೂಜೆ ಅರ್ಪಿಸುತ್ತಾರೆ. ಅತ್ತೂರಿನ ಜಾತ್ರೆ ಜನವರಿಯಲ್ಲಿ ನಡೆದರೂ ಕ್ಯಾಲೆಂಡರಿನಲ್ಲಿ ಲಾರೆನ್ಸರ ದಿನ ಆಗಸ್ಟ್ 10ರಿಂದ ಕದಲಿಲ್ಲ. (ಆಟಿ ಮಳೆಯಲ್ಲಿ ಬಯಲಲ್ಲಿ ಮೊಂಬತ್ತಿ ನಿಲ್ಲುವುದುಂಟೇ!)

ಈ ಪಟ್ಟಿ ಇನ್ನೂ ಬೆಳೆಯುತ್ತಿದೆ. ತಿರುವಾಂಕೂರಿನ ದೇವಸಹಾಯಂ ಪಿಳ್ಳೈಯನ್ನು ಅರಲ್ವಾಯ್‌ಮೊಳಿಯ ಕಾಡಿನಲ್ಲಿ ಗುಂಡಿಟ್ಟು ಕೊಂದದ್ದು 1752ರ ಜನವರಿ 14. ಸಂತನೆಂದು ಘೋಷಿಸಿದ್ದು 2022ರಲ್ಲಿ. 270 ವರ್ಷ ಕಾದು ಕೂಡ ತಾರೀಖು ತಪ್ಪಲಿಲ್ಲ. ಆತನ ಸ್ಮರಣೆ ಜನವರಿ 14ಕ್ಕೇ. ಎರಡೇ ದಿನಕ್ಕೆ, 16ರಂದು, ನಮ್ಮ ಕರಾವಳಿಯಲ್ಲೂ ಓಡಾಡಿದ್ದ ಜೋಸೆಫ್ ವಾಜ್ ಅವರದು. ಅವರು 1711ರಲ್ಲಿ ಕ್ಯಾಂಡಿಯಲ್ಲಿ ಕಾಯಿಲೆಯಿಂದ ತೀರಿಕೊಂಡವರು. ಹಾಗಾಗಿ ಅಂದು ಬಿಳಿ ಉಡುಪು. ಹೇಗೆ ಸತ್ತರೆಂಬುದನ್ನೂ ಈ ಕ್ಯಾಲೆಂಡರ್ ಮರೆಯುವುದಿಲ್ಲ. ಹೆಸರೇ ಗೊತ್ತಿಲ್ಲದ ಸಂತರಿಗೂ ನವೆಂಬರ್ 1 ಎಂಬ ದಿನವಿದೆ.

ನಮ್ಮ ಕಸುಬಿನಲ್ಲಿ ಸಾವಿಗೆ ಒಂದೇ ದಿನ. ನೇಣು ಹಾಕಿಕೊಂಡ ರೈತನ ಮನೆಗೆ ವರ್ಷ ತುಂಬಿದ ದಿನ ಹೋಗಿ ಬಂದು ಬರೆದರೆ, ‘ಹೊಸದೇನಿದೆ?’ ಎಂಬ ಫೋನ್ ಬರುತ್ತದೆ. ನಮ್ಮ ಜೊತೆ ಡಿಪ್ಲೊಮಾ ಮಾಡಿದ ಗೆಳೆಯನೊಬ್ಬ ನೆರೆಯ ವರದಿಗೆಂದು ಬೈಕಿನಲ್ಲಿ ಹೊರಟವನು ವಾಪಸು ಬರಲಿಲ್ಲ. ಅವನ ಪತ್ರಿಕೆ ಅವನಿಗೆ ಕೊಟ್ಟದ್ದು ಸಿಂಗಲ್ ಕಾಲಂ. ಸ್ಟ್ರಿಂಗರ್ ಆದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪರಿಹಾರವೂ ಇಲ್ಲ ಎಂದರು.

ಅವನು ಹೋದ ತಾರೀಖಿಗೆ ಪ್ರತಿ ವರ್ಷ ನಮ್ಮಲ್ಲೊಬ್ಬರು ವಾಟ್ಸಾಪ್ ಗ್ರೂಪಿಗೆ ಅವನ ಹಳೆಯ ವರದಿಯ ಕಟಿಂಗ್ ಒಂದನ್ನು ಹಾಕುತ್ತೇವೆ. ಕಳೆದ ಸಲ ಹಾಕಿದ್ದು ನೀರು ಬಾರದ ಟ್ಯಾಂಕಿನ ಸುದ್ದಿ. ಅದನ್ನು ಓದಿ ಒಬ್ಬರು ಆ ಊರಿಗೇ ಹೋಗಿ ನೋಡಿ ಬಂದರು. ಟ್ಯಾಂಕಿಗೆ ಬಣ್ಣ ಬಳಿದಿದ್ದಾರೆ, ನೀರು ಇನ್ನೂ ಬಂದಿಲ್ಲ.