ನೀರು ತೆಂಕಕ್ಕೆ ಹೋಗುತ್ತಿತ್ತು

ನಾನು ಬಿಟ್ಟ ಉಸಿರಿನ ಗುಳ್ಳೆಗಳು ಮೇಲಕ್ಕೇರಲಿಲ್ಲ, ಅಡ್ಡಕ್ಕೆ ಓಡಿದವು. ಸೆಳೆತ ಶುರುವಾಗಿತ್ತು! 14 ಮೀಟರ್ ಆಳದಲ್ಲಿ, ಹವಳದ ಮೇಲೆ ಹಾಸಿದ್ದ 50 ಮೀಟರ್ ಅಳತೆ ಟೇಪು ಬಿಗಿದು ನಡುಗತೊಡಗಿತು. ಕೈಗೆಟುಕಿದ ಬಂಡೆ ಹಿಡಿದೆ. ಚಿಪ್ಪು ಅಂಗೈ ಸೀಳಿತು. ಒಸರಿದ ರಕ್ತ ಹಸಿರುಗಪ್ಪಾಗಿ ಕಂಡಿತು. ಅಷ್ಟು ಆಳಕ್ಕೆ ಕೆಂಪು ಬೆಳಕು ಇಳಿಯುವುದಿಲ್ಲ. ಜೊತೆಗಿದ್ದ ಸೀನಿಯರ್ ಅಣ್ಣ ಹೆಬ್ಬೆರಳು ಮೇಲೆತ್ತಿ ತೋರಿಸಿದರು. ಮೇಲಕ್ಕೆ, ಈಗಲೇ. ಗಾಳಿಯ ಗೇಜು ನೋಡಿದೆ: 70 ಬಾರ್. ಟೇಪು ಸುತ್ತಿಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ಬಂಡೆ ಬಿಟ್ಟೆವು. ಬಿಟ್ಟ ಕ್ಷಣವೇ ನೇತ್ರಾಣಿ ದ್ವೀಪ ಕಣ್ಮರೆಯಾಯಿತು.

ಸುತ್ತ ನೀಲಿ. ತಳವಿಲ್ಲ, ಗೋಡೆಯಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ, ಕಾಲು ಜೋರಾಗಿ ಬಡಿದು ಮೇಲೆ ಹಾರಬೇಕೆನ್ನಿಸುತ್ತದೆ. ಹಾರಿದರೆ ಸಾವು. ಉಸಿರು ಕಟ್ಟಿ ಏರಿದವರ ಪುಪ್ಪುಸದಲ್ಲಿ ಗಾಳಿ ಹಿಗ್ಗಿ ಅದನ್ನೇ ಸೀಳುತ್ತದೆ. ನಿಮಿಷಕ್ಕೆ 9 ಮೀಟರ್, ಅದಕ್ಕಿಂತ ವೇಗ ಕೂಡದು. 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು, ರಕ್ತಕ್ಕೆ ಸೇರಿದ ಸಾರಜನಕ ಇಳಿಯಲು. ನಿಂತೆವು. ಆ 3 ನಿಮಿಷದಲ್ಲಿ ಕಡಲು ನಮ್ಮನ್ನು ಎಲ್ಲಿಗೆ ಒಯ್ಯಿತೋ! ಮೇಲೆ ತಲೆಯೆತ್ತಿದಾಗ ದೋಣಿ ಒಂದು ಚುಕ್ಕಿ. ಸೀಟಿ ಊದಿದೆ. ಕಿತ್ತಳೆ ಬಣ್ಣದ ಸಿಗ್ನಲ್ ಕೊಳವೆಗೆ ಗಾಳಿ ತುಂಬಿ ಎತ್ತಿ ಹಿಡಿದೆವು. ದೋಣಿ ತಿರುಗಲಿಲ್ಲ. ಅದರ ಎಂಜಿನ್ ಕೈಕೊಟ್ಟಿದೆ ಎಂಬುದು ನಮಗೆ ತಿಳಿದದ್ದು ರಾತ್ರಿ.

ಮುರ್ಡೇಶ್ವರದ ದಡ ಸುಮಾರು 19 ಕಿಲೋಮೀಟರ್ ದೂರ. ಅದು 2024ರ ಏಪ್ರಿಲ್, ಬೆಳಗಿನ ಹೊತ್ತು.

ಕಡಲಿಲ್ಲದ ಊರಿನ ಹುಡುಗಿ ನಾನು. ಬೆಂಗಳೂರಿನ ಹಲಸೂರಿನವಳು. 2016ರ ಮಾರ್ಚ್‌ನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ, ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಕೆರೆಗೆ ಇಳಿದ ಕೊಳಚೆ, ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಟ್ಟಿತ್ತು. ಮೂಗು ಮುಚ್ಚಿಕೊಂಡು ನಿಂತ ಜನರ ನಡುವೆ ನನಗೆ ಸಿಟ್ಟು ಬಂದಿತ್ತು. ಮೀನಿಗೂ ಉಸಿರು ಕಟ್ಟುತ್ತದೆ ಎಂಬುದು ಮೈಗೆ ತಾಗಿದ್ದು ಅಂದು. ನೀರಿನ ಜೀವವಿಜ್ಞಾನ ಹಿಡಿದದ್ದು ಆ ಸಿಟ್ಟಿನಿಂದಲೇ.

ಕೆರೆಯ ಪಕ್ಕದ ಈಜುಕೊಳದಲ್ಲಿ ಈಜು ಕಲಿತೆ. ಇಂದಿರಾನಗರದಲ್ಲಿ ಸ್ಕೂಬಾ ಕಲಿಸುವವರ ಬಳಿ, ಎದೆಮಟ್ಟದ ಕೊಳದಲ್ಲಿ, ಮಾಸ್ಕಿನೊಳಗೆ ನೀರು ತುಂಬಿಸಿಕೊಂಡು ಮೂಗಿನಿಂದ ಊದಿ ಹೊರಹಾಕುವುದನ್ನು, ಬಾಯಿಂದ ರೆಗ್ಯುಲೇಟರ್ ಕಿತ್ತುಹೋದರೆ ಕಣ್ಣು ಮುಚ್ಚಿ ಹುಡುಕುವುದನ್ನು ಸಾಕೆನ್ನಿಸುವವರೆಗೆ ಮಾಡಿಸಿದರು. ದೇಹಕ್ಕೆ ಮೊದಲು ಪಾಠ, ಆಮೇಲೆ ತಲೆಗೆ. ಇನ್ನು ಶಿವಾಜಿನಗರ! 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟೇ ನನ್ನ ಮೊದಲ ಪ್ರಯೋಗಶಾಲೆ. ನಸುಕಿನಲ್ಲಿ ಐಸು ಒಡೆಯುವ ಸದ್ದಿನ ನಡುವೆ ಅಂಜಲ್, ಬಂಗುಡೆ, ಕಾಣೆ, ತೊರಕೆ. ಅಂಗಡಿಯವರು ಬಿಸಾಡುವ ಮೀನಿನ ತಲೆಗಳನ್ನು ಕೇಳಿ ತಂದು, ಒಳಗಿನ ಕಿವಿಗಲ್ಲು ತೆಗೆದು, ಸೂಕ್ಷ್ಮದರ್ಶಕದಡಿ ಅದರ ಉಂಗುರಗಳನ್ನು ಎಣಿಸುತ್ತಿದ್ದೆ. ಮರದ ಹಾಗೆಯೇ ಮೀನಿಗೂ ವಯಸ್ಸು ಉಂಗುರದಲ್ಲಿ. ತೊರಕೆಗೂ ಶಾರ್ಕಿಗೂ ಅದು ಬೆನ್ನೆಲುಬಿನಲ್ಲಿರುತ್ತದೆ. ತೂಕದ ಕಲ್ಲಿಗೆ ಮುಂಚೆ ನನ್ನ ಅಳತೆಪಟ್ಟಿಗೆ ಮೀನು ಬಿಟ್ಟುಕೊಟ್ಟ ಆ ಅಂಗಡಿಯವರ ಋಣ ದೊಡ್ಡದು.

ಆಮೇಲೆ ಕಾರವಾರ. ಕಾಳಿ ನದಿ ಕಡಲು ಸೇರುವಲ್ಲಿ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಎಂ.ಎಸ್ಸಿ. ಅಲ್ಲಿ. ಸಂಶೋಧನೆಗೆ ಹವಳ. ಈಗ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೇ ಮುರ್ಡೇಶ್ವರಕ್ಕೆ ರೈಲು. ಹಲಸೂರಿನಿಂದ ಆಟೋ ಹಿಡಿದರೆ ಮರುದಿನ ಕಡಲು. ಆ ಏಪ್ರಿಲ್‌ನಲ್ಲಿ ಹೋಗಲೇಬೇಕಿತ್ತು. ಕಡಲು ಕಾದು, ಪ್ರಪಂಚದ ಹವಳಗಳು ನಾಲ್ಕನೇ ಬಾರಿ ಸಾಮೂಹಿಕವಾಗಿ ಬಿಳುಚುತ್ತಿವೆ ಎಂದು ವಿಜ್ಞಾನಿಗಳು ಸಾರಿದ ತಿಂಗಳು ಅದು. ಬಿಸಿ ಹೆಚ್ಚಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಅನ್ನ ಕೊಡುವ ಪಾಚಿ ಹೋದರೆ ಬಣ್ಣವೂ ಹೋಯಿತು, ಬಹಳ ದಿನ ಹಾಗೇ ಉಳಿದರೆ ಜೀವವೂ. ಲಕ್ಷದ್ವೀಪ 1998, 2010, 2016ರಲ್ಲಿ ಇದನ್ನು ಕಂಡಿತ್ತು. ನೇತ್ರಾಣಿಯ ಹವಳ ಎಷ್ಟು ಬಿಳುಚಿದೆ? ಯಾರಾದರೂ ಇಳಿದು ಎಣಿಸಿದರಷ್ಟೇ ಗೊತ್ತು. ಆ ಎಣಿಕೆ ನನ್ನ ಮಣಿಕಟ್ಟಿಗೆ ಕಟ್ಟಿದ ಸ್ಲೇಟಿನಲ್ಲಿತ್ತು, ಪೆನ್ಸಿಲ್ ಗೀಟುಗಳಲ್ಲಿ.

ತೇಲುತ್ತಿದ್ದಂತೆ ಬಿಸಿಲೇರಿತು. ಸೊಂಟದ ಸೀಸದ ತೂಕ ಬಿಚ್ಚಿ ಬಿಟ್ಟೆವು. ಜಾಕೆಟ್ಟಿಗೆ ಗಾಳಿ ತುಂಬಿ, ಒಬ್ಬರಿಗೊಬ್ಬರು ಪಟ್ಟಿ ಕಟ್ಟಿಕೊಂಡೆವು. ಈಜಲಿಲ್ಲ, 19 ಕಿಲೋಮೀಟರ್ ಈಜಲು ಹೊರಟವರು ದಡ ಮುಟ್ಟುವುದಿಲ್ಲ. ಮಂಡಿ ಎದೆಗೆ ಮಡಚಿಕೊಂಡು ತೇಲಿದೆವು. ಬೆಚ್ಚಗಿನ ನೀರೂ ಗಾಳಿಗಿಂತ ಬಹಳ ಬೇಗ ಮೈಶಾಖ ಕದಿಯುತ್ತದೆ. ಕ್ಯಾಮೆರಾ ಕಟ್ಟಿದ ಭಾರದ ಚೌಕಟ್ಟು ಕೆಳಗೆಳೆಯುತ್ತಿತ್ತು. ‘ಬಿಡು ತಂಗಿ’ ಎಂದರು ಅಣ್ಣ. ಬಿಟ್ಟೆ. ಸ್ಲೇಟು ಬಿಡಲಿಲ್ಲ. ಒಂದು ಹಡಗು ಹೋಯಿತು. ಸೀಟಿ, ಕಿರುಚಾಟ, ಕೊಳವೆ! ಹಡಗಿನಲ್ಲಿ ಯಾರೂ ಈ ಕಡೆ ನೋಡಲಿಲ್ಲ. ಅದರ ಅಲೆ ಬಂದು ಬಾಯಿಗೆ ಉಪ್ಪು ತುಂಬಿತು. ಲೋಳೆಮೀನಿನ ಎಳೆ ಕುತ್ತಿಗೆಗೆ ಸುತ್ತಿ ಉರಿಸಿತು. ಅತ್ತರೆ ನೀರು ಖರ್ಚಾಗುತ್ತದೆ ಎಂದು ಅಳು ನುಂಗಿದೆ.

ಮಧ್ಯಾಹ್ನದ ಗಾಳಿ ಎದ್ದಾಗ ಅಣ್ಣ ಮಾತಾಡತೊಡಗಿದರು, ನಾನು ಕಣ್ಣು ಮುಚ್ಚದಿರಲೆಂದು. 2004ರ ಡಿಸೆಂಬರ್ 26ರ ಸುನಾಮಿಯ ಕಥೆ. ಗ್ರೇಟ್ ನಿಕೋಬಾರಿನ ಗಲಾಥಿಯಾ ತೀರದ ಕಡಲಾಮೆ ಶಿಬಿರದಲ್ಲಿ ಅಂಬಿಕಾ ತ್ರಿಪಾಠಿ ಎಂಬ ಸಂಶೋಧಕರಿದ್ದರು, ಜೊತೆಗೆ ಕರೆನ್ ಸಮುದಾಯದ ಸಾ ಆಗು. ತ್ರಿಪಾಠಿ ಹಿಂದಿರುಗಲಿಲ್ಲ. ಆಗು ಬದುಕಿ ಬಂದರು. ಆ ತೀರವೇ ಕುಸಿದು ಮುಳುಗಿತು. ಆದರೆ ಕೆಲಸ ನಿಲ್ಲಲಿಲ್ಲ. 2008ರಿಂದ ಲಿಟಲ್ ಅಂಡಮಾನಿನಲ್ಲಿ, ನಮ್ಮ ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಅವರ ತಂಡ ಅದನ್ನು ಮುಂದುವರಿಸಿತು. ಅಲ್ಲಿ ಉಪಗ್ರಹದ ಟ್ಯಾಗು ಕಟ್ಟಿದ ಒಂದು ಲೆದರ್‌ಬ್ಯಾಕ್ ಆಮೆ 266 ದಿನಗಳಲ್ಲಿ 13,237 ಕಿಲೋಮೀಟರ್ ಈಜಿ ಮೊಜಾಂಬಿಕ್ ತಲುಪಿತು. ‘ಆಮೆ ಆಫ್ರಿಕಾ ಮುಟ್ಟಿತಲ್ಲ, ನಾವು ಭಟ್ಕಳ ಮುಟ್ಟಬಾರದಾ?’ ಅಂದರು ಅಣ್ಣ. ಅವರ ತುಟಿ ಒಡೆದಿತ್ತು.

ಸೂರ್ಯ ಮುಳುಗಿದ. ಈಗ ಕಿತ್ತಳೆ ಕೊಳವೆ ಯಾರಿಗೂ ಕಾಣದು. ಟಾರ್ಚ್ ಹಚ್ಚಿದೆ, ಕೊಳವೆಯೊಳಗಿಂದ ಬೆಳಕು ಬಿಟ್ಟರೆ ಇಡೀ ಕೊಳವೆ ದೀಪವಾಗುತ್ತದೆ. ಬ್ಯಾಟರಿ ಉಳಿಸಲು ಹಚ್ಚುವುದು, ಆರಿಸುವುದು. ಹಚ್ಚುವುದು, ಆರಿಸುವುದು. ದೂರದಲ್ಲಿ ಎಂಜಿನ್ ಸದ್ದು. ನಿಂತಿತು. ಮತ್ತೆ ಬಂತು, ಹತ್ತಿರ, ಇನ್ನೂ ಹತ್ತಿರ! ‘ಹೋಯ್! ಯಾರದು?’ ಗಂಟಲಿಂದ ಸ್ವರವೇ ಹೊರಡಲಿಲ್ಲ, ಸೀಟಿ ಊದಿದೆ. ‘ಹೆದ್ರಬೇಡಿ ತಂಗಿ, ಕೈ ಕೊಡಿ’ ಎಂದು ಒಂದು ಗಟ್ಟಿ ಕೈ ನನ್ನನ್ನು ಸಿಲಿಂಡರ್ ಸಮೇತ ಬಲೆಗಳ ಮೇಲೆಳೆದುಕೊಂಡಿತು.

ಭಟ್ಕಳದ ಮೀನುಗಾರರ ದೋಣಿ. ವೈರ್‌ಲೆಸ್‌ನಲ್ಲಿ ಸುದ್ದಿ ಕೇಳಿ, ಹಾಕಿದ ಬಲೆಯನ್ನು ಅರ್ಧಕ್ಕೆ ಎಳೆದುಕೊಂಡು ಹೊರಟಿದ್ದರು. ಉಳಿದವರು ನೇತ್ರಾಣಿಯ ಸುತ್ತ ಹುಡುಕುತ್ತಿದ್ದರೆ ಈ ಹಿರಿಯರು ಮಾತ್ರ ದಕ್ಷಿಣಕ್ಕೆ ಬಂದಿದ್ದರು. ಹೇಗೆ ಗೊತ್ತಾಯಿತೆಂದು ಕೇಳಿದೆ. ‘ನನ್ನ ಬಲೆ ಬೆಳಿಗ್ಗೆಯಿಂದ ಎಲ್ಲಿಗೆ ಹೋಯ್ತು ಅಂತ ನಂಗೆ ಗೊತ್ತಲ್ದಾ? ನೀರು ತೆಂಕಕ್ಕೆ ಹೋಗ್ತಿತ್ತು. ಮಧ್ಯಾಹ್ನ ಗಾಳಿ ಬಂತು, ದಡದ ಬದಿಗೆ ತಳ್ತು. ನೀವು ಇಲ್ಲೇ ಇರ್ಬೇಕು ಅಂದ್ಕಂಡೆ.’ ಬಿಸಿ ಗಂಜಿ ಕೊಟ್ಟು, ನನ್ನ ಮಣಿಕಟ್ಟಿನ ಸ್ಲೇಟು ನೋಡಿ, ಇದೆಂತ ಗೀಟು ಎಂದರು. ಬಿಳುಚಿದ ಹವಳದ ಲೆಕ್ಕ ಎಂದೆ. ಅವರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಯಾವ ಬಂಡೆ, ಎಷ್ಟು ಆಳ, ಅಲ್ಲಿ ಮೀನು ಇತ್ತಾ ಎಂದು.

ಮುಂದಿನ ಸಲ ನೀರಿಗಿಳಿಯುವ ಮುಂಚೆ ಅವರ ಮನೆಗೆ ಹೋದೆವು. ಯಾವ ತಿಥಿಗೆ ಸೆಳೆತ ಜೋರು, ಯಾವ ಬಂಡೆಯ ಮರೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲವನ್ನೂ ನನ್ನ ನೋಟುಪುಸ್ತಕದಲ್ಲಿ ಬಿಡಿಸಿ ತೋರಿಸಿದರು. ಆ ನಕ್ಷೆ ಈಗ ನನ್ನ ಸಂಶೋಧನಾ ಲೇಖನದ ವಿಧಾನದ ಭಾಗದಲ್ಲಿದೆ, ಲೇಖಕರ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರು. ಇಳಿಯುವಾಗಲೆಲ್ಲ ಎರಡು ದೋಣಿ, ಒಂದು ಅವರದ್ದು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕಡಲು ತಿಳಿಯಾದ ಕೂಡಲೇ ಅದೇ ಬಂಡೆಗೆ ಮತ್ತೆ ಟೇಪು ಹಾಸುತ್ತೇವೆ. ಆ ಏಪ್ರಿಲ್‌ನಲ್ಲಿ ಬಿಳುಚಿದ್ದರಲ್ಲಿ ಬಣ್ಣ ಮರಳಿದ್ದೆಷ್ಟು, ಸತ್ತದ್ದೆಷ್ಟು ಎಂದು ಎಣಿಸಬೇಕಿದೆ.