ರೇಸಿನವರ ಮನೆ

ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು 'ರೇಸಿನವರು' ಎಂದೇ. ಆ ಮಾತಿನಲ್ಲಿ ಸ್ವಲ್ಪ ಕುತೂಹಲ, ಬಹಳಷ್ಟು ತಿರಸ್ಕಾರ. ರೇಸೆಂದರೆ ಹೆಂಡತಿಯ ಮಾಂಗಲ್ಯ ಅಡವಿಟ್ಟವರ ಕಥೆಗಳೇ ತಾನೆ ನಾವೆಲ್ಲ ಕೇಳಿರುವುದು!

ಆ ಮನೆಯ ಯಜಮಾನರು ಕುದುರೆಗಳನ್ನು ಓಟಕ್ಕೆ ತಯಾರು ಮಾಡುವ ಟ್ರೈನರ್. ದೊಡ್ಡವರೇನಲ್ಲ, ಲಾಯದಲ್ಲಿ ಎಂಟು ಕುದುರೆ, ಎಲ್ಲವೂ ಬೇರೆಯವರವು. ನಾವು ಒಲೆ ಹೊತ್ತಿಸುವ ಮೊದಲೇ ಅವರು ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿರಬೇಕು. ಒಂದೊಂದು ಕುದುರೆಯ ಮುಂಗಾಲನ್ನೂ ಸವರಿ ನೋಡಬೇಕು. ಎಲ್ಲಾದರೂ ಬಿಸಿ ತಗುಲಿದರೆ ಆ ದಿನ ಓಡಿಸುವಂತಿಲ್ಲ. ಹೊಟ್ಟೆನೋವು ಬಂದರಂತೂ ರಾತ್ರಿಯೆಲ್ಲ ಜಾಗರಣೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವೆಂದು ನನಗೆ ತಿಳಿದದ್ದೇ ಆ ಮನೆಯಾಕೆಯಿಂದ.

ಮಾಲೀಕರು ಕೊಡುವ ತಿಂಗಳ ಹಣ ತಡವಾಗಬಹುದು. ಹುಲ್ಲು, ಓಟ್ಸ್, ಸೈಸ್‌ಗಳ ಸಂಬಳ ಕಾಯುವುದಿಲ್ಲ. ಕುದುರೆ ಸೋತರೆ "ಬೇಕೆಂದೇ ಸೋಲಿಸಿದ" ಎನ್ನುತ್ತಾರೆ. ಗೆದ್ದರೆ "ಏನೋ ಮಸಲತ್ತು" ಎನ್ನುತ್ತಾರೆ. ಎರಡು ರೇಸು ಗೆದ್ದ ಕುದುರೆಯನ್ನು ಮಾಲೀಕರು ದೊಡ್ಡ ಟ್ರೈನರ್ ಬಳಿಗೆ ಸಾಗಿಸುವುದೂ ಉಂಟು. "ಸಾಕಿದ ಮಗಳನ್ನು ಕಳಿಸಿಕೊಟ್ಟ ಹಾಗೆ ಕಣ್ರೀ. ಇವಳು ತವರಿಗೂ ಬರೋಲ್ಲ" ಎಂದಿದ್ದರು ಆಕೆ.

1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟವೆಂದು ಹೇಳಿತು. ನಮ್ಮ ಬೀದಿ ಮಾತ್ರ ತನ್ನ ತೀರ್ಪು ಬದಲಿಸಲಿಲ್ಲ. ಮುಂದೆ ಅವರ ಮಗಳನ್ನು ನೋಡಲು ಬಂದ ಗಂಡಿನವರು "ತಂದೆಗೆ ಏನು ಕೆಲಸ?" ಎಂದಾಗ ಆಕೆ ತಡವರಿಸದೆ "ರೇಸು ಕುದುರೆ ನೋಡಿಕೊಳ್ಳುತ್ತಾರೆ" ಎಂದರಂತೆ. ಸಂಬಂಧ ಕೂಡಿಬರಲಿಲ್ಲ.

ಹಣ ಕಟ್ಟುವವನ ಚಟವನ್ನು ಹುಲ್ಲು ಹಾಕುವವನ ತಲೆಗೆ ಕಟ್ಟುವುದು ಯಾವ ನ್ಯಾಯ, ನೀವೇ ಹೇಳಿ.